ಮೇ ತಿಂಗಳ ಬಿಸಿಲಾಗ ಹಾರ್ಟ್ ಪೇಷಂಟಿಗೆ "ನೀರು ಕಡಿಮಿ ಕುಡೀರಿ" ಅಂತ ಹ್ಯಾಂಗ ಹೇಳಬೇಕು?

ರಾತ್ರಿಪಾಳಿ, ಕಲಬುರಗಿ · ಭಾನುವಾರ ರಾತ್ರಿ 9:50

ನಮಸ್ಕಾರ್ರಿ ಎಲ್ಲರಿಗೂ. ನಾನು ಕಲಬುರಗಿಯಲ್ಲಿ ಹೃದಯದ ವಾರ್ಡಿನಾಗ ನರ್ಸಿಂಗ್ ಆಫೀಸರ್. ಹನ್ನೊಂದು ವರ್ಷದಿಂದ ಇದೇ ಕೆಲಸ. ಎರಡು ವಾರದಿಂದ ಒಂದು ಮಾತು ತಲ್ಯಾಗ ಕುಂತದ. ಉಳಿದ ಸಿಸ್ಟರ್, ಬ್ರದರ್‌ಗಳು, ಮನ್ಯಾಗ ಹಾರ್ಟ್ ಪೇಷಂಟ್ ನೋಡಿಕೊಳ್ಳೋರು ಏನರ ದಾರಿ ಹೇಳ್ತೀರಿ ಅಂತ ಇಲ್ಲಿ ಬರೀಲಾಕತ್ತೀನಿ.

ಚಿತ್ತಾಪುರ ಕಡಿ ಹಳ್ಳಿಯ ಒಬ್ಬ ಮುತ್ಯಾ, ವಯಸ್ಸು 68. ಹಾರ್ಟ್ ಫೇಲ್ಯೂರ್, ಅಂದ್ರ ಹಾರ್ಟಿನ ಶಕ್ತಿ ಕುಂದಿ ಮೈಯಾಗ ನೀರು ತುಂಬೋ ಕಾಯಿಲೆ. ಪಂಪಿಂಗ್ (ಒಂದು ಬಡಿತಕ್ಕ ಹಾರ್ಟಿನಾಗಿನ ರಕ್ತದಾಗ ಹೊರಗ ಹೋಗೋ ಪಾಲು) ನೂರಕ್ಕ 30. ಫೆಬ್ರವರಿಯಿಂದ ಈಚೆ ಮೂರನೇ ಸಲ ಅಡ್ಮಿಟ್ ಆಗ್ಯಾರ. ಪ್ರತಿ ಸಲ ಅದೇ ಕಥಿ: ಮೊಳಕಾಲ ತನಕ ಬಾವು, ಮಲಗಿದರ ದಮ್ಮು, ರಾತ್ರಿ ಪೂರಾ ಗ್ವಾಡಿಗೆ ಒರಗಿ ಕುಂತೇ ಕಳೀತಾರ. ಆಕ್ಸಿಜನ್, ಮೈಯಾಗಿನ ನೀರು ಮೂತ್ರದಾಗ ಹೊರಗ ಹಾಕೋ ಲ್ಯಾಸಿಕ್ಸ್ ಇಂಜೆಕ್ಷನ್, ನಾಕು ದಿನದಾಗ ತೂಕ 61ರಿಂದ 56ಕ್ಕ ಇಳೀತದ, ನಕ್ಕೋತ ಮನಿಗೆ ಹೋಗ್ತಾರ. ಮೂರು ವಾರಕ್ಕ ಮತ್ತ ಅದೇ ಗಾಡ್ಯಾಗ ಬರ್ತಾರ.

ಈ ಸಲ ಡಿಸ್ಚಾರ್ಜಿಗೆ ಮೊದಲು ಅವರ ಸೊಸಿನ್ನ ಬಾಜೂಕ ಕೂಡಿಸ್ಕೊಂಡು ಕೇಳ್ದೆ: "ನೀರು ಎಷ್ಟು ಕೊಡ್ತಿಯವ್ವಾ?" ಆಕಿ ಅಂದಳು, "ಭಾಳ ಕಡಿಮಿ ಮಾಡೀನ್ರಿ ಅಕ್ಕಾರ, ದಿನಕ್ಕ ಎರಡೇ ಚರಗಿ." ಮುಂಜಾನಿ? "ಅಂಬಲಿ." ಮಧ್ಯಾಹ್ನ? "ಮಜ್ಜಿಗಿ, ಅದು ತಂಪಲ್ರಿ, ಬಿಸಲಾಗ ಬೇಕಲ್ಲ." ಚಹಾ? "ನಾಕ್ ಸಲ." ರಾತ್ರಿ ಸಾರು ಕುಡೀತಾರ. ಇವು ಯಾವೂ ಆಕಿ ಲೆಕ್ಕದಾಗ ನೀರಲ್ಲ. ಮರುದಿನ ಗಂಡನ ಕೈಲಿ ಮನಿ ಚರಗಿ ತರಸಿದೆ. ಅಳತಿ ಜಾರಿನಾಗ ಸುರುವಿ ನೋಡಿದರ 1,100 ಎಂಎಲ್. ಎರಡು ಚರಗಿಗೇ 2.2 ಲೀಟರ್ ಆಯ್ತು. ಅಂಬಲಿ, ಮಜ್ಜಿಗಿ, ಚಹಾ ಕೂಡಿಸಿದರ ನಾಕು ಲೀಟರ್ ಹತ್ತಿರ.

ಆ ಹೆಣ್ಣುಮಗಳ ತಪ್ಪು ಏನೂ ಇಲ್ಲ. ಹೇಳಿದಷ್ಟು ನೂರಕ್ಕ ನೂರು ಮಾಡ್ಯಾಳ. ಡಿಸ್ಚಾರ್ಜ್ ಹಾಳ್ಯಾಗ ಇಂಗ್ಲೀಷಿನಾಗ 1.5 ಲೀಟರ್ ಅಂತ ಬರದದ, ಬಾಯಾಗ ನಾನು "ನೀರು ಕಡಿಮಿ ಕುಡೀರಿ" ಅಂದೀನಿ. ಅವರ ಮನ್ಯಾಗ ಲೀಟರ್ ಅನ್ನೋದೇ ಇಲ್ಲ, ಚರಗಿ ಅದ. ನನ್ನ ಮಾತು ಅವರ ಅಡಿಗಿ ಮನಿ ತನಕ ಮುಟ್ಟೇ ಇಲ್ಲ.

ಈ ಸಲ ಹಿಂಗ ಮಾಡ್ದೆ. ನೀರಿನ ಖಾಲಿ ಬಾಟಲಿ, ಒಂದು ಲೀಟರಿಂದು ಒಂದು, ಅರ್ಧ ಲೀಟರಿಂದು ಒಂದು, ಎರಡೂ ತುಂಬಿ ಸೊಸಿ ಕೈಯಾಗ ಕೊಟ್ಟೆ. ಮುಂಜಾನಿ ಎದ್ದು ಇವೆರಡು ತುಂಬಿಡಬೇಕು, ದಿನದ ಪೂರಾ ಬಾಬತ್ತು ಇಷ್ಟೇ. ನೀರು ಕುಡಿದರ ಇದರಾಗಿಂದೇ ಕುಡೀಬೇಕು. ಚಹಾ ಕುಡಿದರ ಖಾಲಿ ಕಪ್ಪಿನ ತುಂಬ ಬಾಟಲಿ ನೀರು ಸುರುವಿ ತುಳಸಿ ಗಿಡಕ್ಕ ಹಾಕಬೇಕು. ಅಂಬಲಿ, ಮಜ್ಜಿಗಿ, ಸಾರು ಎಲ್ಲಾದಕ್ಕೂ ಹಂಗೇ. ಬಾಟಲಿ ಖಾಲಿ ಆದಾಗ ದಿನದ ಕುಡಿಯೋದು ಮುಗೀತು. ಆಕಿ ಅಲ್ಲೇ ಒಂದು ಗಿಲಾಸ ತಗೊಂಡು ಮಾಡಿ ತೋರಿಸಿದಳು. ಮುತ್ಯಾ ಅಂದರು: "ಹಿಂಗ ಮದಲೇ ಹೇಳಿದ್ರ ತಿಳೀತಿತ್ತಲ್ಲವಾ."

ನೀವೆಲ್ಲ ನಿಮ್ಮ ನಿಮ್ಮ ಕಡಿ ಇದನ್ನ ಹ್ಯಾಂಗ ಹೇಳ್ತೀರಿ? 43 ಡಿಗ್ರಿ ಬಿಸಲಾಗ ಕುಡಿಯೋದಕ್ಕ ಲೆಕ್ಕ ಇಡು ಅನ್ನೋದು ನನಗೂ ಸಂಕಟದ ಮಾತೇ.

ಭೀಮಾ ದಂಡಿ, ಯಾದಗಿರಿ ಜಿಲ್ಲಾ · ಭಾನುವಾರ ರಾತ್ರಿ 10:25

ಸಿಸ್ಟರ್, ಈ ಬಾಟಲಿ ಲೆಕ್ಕ ನಾಳಿಂದೇ ನಮ್ಮ ಉಪಕೇಂದ್ರದಾಗ ಹೇಳ್ತೀನಿ. ನಾನು ಸಮುದಾಯ ಆರೋಗ್ಯ ಅಧಿಕಾರಿ, ಬಿಎಸ್ಸಿ ನರ್ಸಿಂಗ್ ಮಾಡಿ ಹಳ್ಳ್ಯಾಗ ಕೆಲಸ. ನೀವು ಡಿಸ್ಚಾರ್ಜ್ ಮಾಡಿದವರು ಆಮ್ಯಾಲ ಬರೋದು ನಮ್ಮ ಹಂತ್ಯಾಕೇ.

ನಮ್ಮಲ್ಲಿ ನೀರಿಗಿಂತ ದೊಡ್ಡ ತ್ರಾಸು ತೂಕದ್ದು. "ದಿನಾ ಮುಂಜಾನಿ ತೂಕ ನೋಡ್ರಿ" ಅಂತ ಬರೀತೀರಿ, ಯಾರ ಮನ್ಯಾಗ ತೂಕದ ಮಷೀನ್ ಅದ ಹೇಳ್ರಿ? ನಾನು ಒಬ್ಬ ಕಾಕಾಗ ಊರಾಗಿನ ಹಿಟ್ಟಿನ ಗಿರಣಿ ಕಾಂಟಾ ತೋರಿಸಿಕೊಟ್ಟೆ. ಗಿರಣಿ ಮಾಲೀಕರು ಪಾಪ ಖುಷಿಲೇ ಒಪ್ಪಿಕೊಂಡ್ರು. ಮುಂಜಾನಿ ಬಯಲಕಡಿ ಹೋಗಿ ಬಂದ ಮ್ಯಾಲ, ಚಹಾಕ್ಕಿಂತ ಮದಲು, ಒಂದೇ ಥರದ ಅಂಗಿ ಧೋತ್ರದಾಗ ಹೋಗಿ ನಿಂದರ್ತಾರ. ಗಿರಣಿ ಗ್ವಾಡಿ ಮ್ಯಾಲ ಖಡುವಿಲೆ ಬರೀತಾರ. ಮೂರು ದಿನದಾಗ ಎರಡು ಕಿಲೋ ಏರಿದರ ನನಗ ಫೋನ್. ಅದು ಊಟದಿಂದ ಬಂದ ಮೈಯಲ್ಲ, ನೀರೇ ಅಂತ ಅವರಿಗೂ ಈಗ ಗೊತ್ತಾಗ್ಯದ. ಏಪ್ರಿಲ್‌ನಾಗ ಹಂಗೇ ಫೋನ್ ಬಂತು, ಡಾಕ್ಟರಿಗೆ ಕೇಳಿ ನೀರಿನ ಗುಳಿಗಿ (ಮೂತ್ರ ಹೆಚ್ಚು ಮಾಡಿ ಮೈಯಾಗಿನ ನೀರು ಇಳಿಸೋದು) ಹೆಚ್ಚು ಮಾಡಿದ್ವಿ, ಅಡ್ಮಿಟ್ ತಪ್ಪಿತು.

ಗಿರಣಿ ಇಲ್ಲದ ತಾಂಡಾದಾಗ ಬ್ಯಾರೆ ಉಪಾಯ. ಗಂಡಸರಿಗೆ ಉಡದಾರ ಕೇಳ್ತೀನಿ: "ನಿನ್ನಿಗಿಂತ ಬಿಗಿ ಆಗ್ಯದೇನ್ರಿ?" ಹೊಟ್ಟಿಗೆ ನೀರು ಇಳಿಯೋದು ಉಡದಾರಕ್ಕ ಮದಲು ಗೊತ್ತಾಗ್ತದ. ಹೆಣ್ಣುಮಕ್ಕಳಿಗೆ ಕಾಲುಂಗುರ, ಚಪ್ಪಲಿ ಪಟ್ಟಿ. ಇನ್ನೊಂದು, ರಾತ್ರಿ ತಲಿಗೆ ಎಷ್ಟು ದಿಂಬು ಬೇಕಾಗ್ತಾವ ಅನ್ನೋದು. ಒಂದರಿಂದ ಮೂರಕ್ಕ ಬಂದಾರ ಅಂದ್ರ ನಾನು ಬಿಪಿ ನೋಡೋಕಿಂತ ಮದಲೇ ಕಾಲು ಒತ್ತಿ ನೋಡ್ತೀನಿ. ಮೊಳಕಾಲ ಕೆಳಗಿನ ಎಲುಬಿನ ಮ್ಯಾಲ ಹೆಬ್ಬಟ್ಟು ಐದು ಎಣಿಸೋ ತನಕ ಒತ್ತಿ ಬಿಡಬೇಕು, ಕುಣಿ ಬಿದ್ದು ಹಂಗೇ ಉಳೀತಂದ್ರ ಬಾವು ಅದ.

ಆಳಂದ ರಸ್ತಾ · ಭಾನುವಾರ ರಾತ್ರಿ 11:10

ನಾನು ನರ್ಸ್ ಅಲ್ಲ. ನಮ್ಮ ಅಪ್ಪಾಜಿನ್ನ ನೋಡಿಕೊಳ್ಳೋ ಮಗ. ಓದಿ ಸಮಾಧಾನ ಆಯ್ತು, ಆದ್ರ ಒಂದು ಮಾತು ಹೇಳದ ಇರಲಾರೆ.

ಹೋದ ವರ್ಷ ಇದೇ ಮೇ ತಿಂಗಳು. ಒಂದು ಖಾಸಗಿ ದವಾಖಾನಿಯಿಂದ ಡಿಸ್ಚಾರ್ಜ್ ಮಾಡಿದ್ರು, "ನೀರು ಒಂದು ಲೀಟರಿಗಿಂತ ಹೆಚ್ಚು ಕೊಡಬ್ಯಾಡ್ರಿ, ಗುಳಿಗಿ ತಪ್ಪಿಸಬ್ಯಾಡ್ರಿ" ಅಂದ್ರು. ನಾವು ಅಕ್ಷರಶಃ ಪಾಲಿಸಿದ್ವಿ. ಅಪ್ಪಾಜಿ ಕೈ ಮುಗಿದು ನೀರು ಕೇಳಿದರೂ ಕೊಡಲಿಲ್ಲ. ಹತ್ತನೇ ದಿನ ಅಂಗಳದಾಗ ಎದ್ದು ನಿಂತವರು ಹಂಗೇ ಕುಸಿದು ಬಿದ್ದರು. ನಾಲಿಗಿ ಒಣಗಿ ಕಟ್ಟಿಗಿ ಆಗಿತ್ತು. ಬಿಪಿ 84. ಕಿಡ್ನಿ ಟೆಸ್ಟ್ ಹೆಚ್ಚು ಬಂತು. ಬ್ಯಾರೆ ಡಾಕ್ಟರ್ ನೋಡಿ ಅಂದ್ರು, ಮೈಯಾಗ ನೀರೇ ಇಲ್ಲ, ಮ್ಯಾಲಿಂದ ನೀರಿನ ಗುಳಿಗಿ ಎರಡೆರಡು.

ತೂಕ ಏರಿದರ ಬರ್ರಿ ಅಂತ ಎಲ್ಲಾರೂ ಹೇಳ್ತಾರ. ಇಳಿದರ ಏನು ಮಾಡಬೇಕು ಅಂತ ನಮಗ ಒಬ್ಬರೂ ಹೇಳಿರಲಿಲ್ಲ. ನನ್ನ ಕೈಯಾರೆ ಅಪ್ಪನಿಗೆ ನೀರು ಕೊಡಲಿಲ್ಲವಲ್ಲ ಅನ್ನೋದು ಇನ್ನೂ ಹೋಗಿಲ್ಲ.

ರಾತ್ರಿಪಾಳಿ, ಕಲಬುರಗಿ · ಭಾನುವಾರ ರಾತ್ರಿ 11:30

ಅಣ್ಣಾರ, ನೀವು ಮಾಡಿದ್ದು ಪ್ರೀತಿಯಿಂದ, ಹೇಳಿದ್ದನ್ನ ನಂಬಿ. ಅರ್ಧ ಮಾತು ಹೇಳಿ ಕಳಿಸಿದ್ದು ನಮ್ಮ ಕಡಿಯವರ ಲೋಪ. ಅಪ್ಪಾಜಿ ಈಗ ಹ್ಯಾಂಗ ಅದಾರ?

ಆಳಂದ ರಸ್ತಾ · ಭಾನುವಾರ ರಾತ್ರಿ 11:34

ಆರಾಮ ಅದಾರ್ರಿ. ಈಗ ಸಂಜಿ ಮುಂದ ಓಣಿ ತನಕ ಅಡ್ಡಾಡಿ ಬರ್ತಾರ.

ಫಿಜಿಷಿಯನ್, ಬೀದರ ಮೂಲ · ಸೋಮವಾರ ಬೆಳಿಗ್ಗೆ 6:40

ಆಳಂದದ ಸಹೋದರರು ಎತ್ತಿದ್ದು ಈ ಚರ್ಚೆಯ ಅತಿ ಮುಖ್ಯ ಮಾತು.

ನೀರಿನ ಮಿತಿ ಎಲ್ಲ ಹೃದಯ ರೋಗಿಗಳಿಗೂ ಅಲ್ಲ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡು, ಪಂಪಿಂಗ್ ಚೆನ್ನಾಗಿದ್ದು, ಬಾವು ಇಲ್ಲದವರು ನೀರು ಕಡಿಮೆ ಮಾಡಬೇಕಾಗಿಲ್ಲ. ಆದರೂ ನಮ್ಮ ಕಡೆ "ಹಾರ್ಟಿನವರು" ಎಂದರೆ ಎಲ್ಲರಿಗೂ ನೀರು ಬಂದ್ ಮಾಡಿಬಿಡುತ್ತಾರೆ. ಮೈಯಲ್ಲಿ ನೀರು ತುಂಬಿಕೊಂಡು ಪದೇಪದೇ ಅಡ್ಮಿಟ್ ಆಗುವವರಿಗೆ, ರಕ್ತದಲ್ಲಿ ಸೋಡಿಯಂ ಇಳಿದವರಿಗೆ ಮಿತಿ ಹೇಳುತ್ತೇವೆ. ಸ್ಥಿರವಾಗಿರುವವರ ವಿಷಯದಲ್ಲಿ ವೈದ್ಯರ ಅಭಿಪ್ರಾಯವೇ ಬದಲಾಗುತ್ತಿದೆ. ನೆದರ್ಲೆಂಡ್ಸ್‌ನಲ್ಲಿ ಸುಮಾರು 500 ಸ್ಥಿರ ಹಾರ್ಟ್ ಫೇಲ್ಯೂರ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 1.5 ಲೀಟರ್ ಮಿತಿ, ಇನ್ನೊಂದಕ್ಕೆ ಬೇಕಾದಷ್ಟು ಕುಡಿಯಲು ಬಿಟ್ಟು ನೋಡಿದ ಅಧ್ಯಯನ 2025ರಲ್ಲಿ ಹೊರಬಂತು. ಮಿತಿ ಹಾಕಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ, ಬಾಯಾರಿಕೆಯ ಯಾತನೆ ಮಾತ್ರ ಹೆಚ್ಚಿತ್ತು. ಅದೂ ತಂಪು ದೇಶದಲ್ಲಿ. ನಮ್ಮ ಬಿಸಿಲಲ್ಲಿ ಬೆವರಾಗಿ ಹೋಗುವ ನೀರನ್ನು ಲೆಕ್ಕಕ್ಕೆ ಹಿಡಿಯದೆ ಚಳಿಗಾಲದ ಮಿತಿಯನ್ನೇ ಮೇ ತಿಂಗಳಲ್ಲೂ ಮುಂದುವರಿಸುವುದು ಸರಿಯಲ್ಲ.

ಆದ್ದರಿಂದ ತೂಕಕ್ಕೆ ಎರಡು ಗೆರೆ ಬೇಕು. ಬಾವೆಲ್ಲ ಇಳಿದು, ಮಲಗಿ ನಿದ್ದೆ ಮಾಡುವ ಸ್ಥಿತಿಯಲ್ಲಿ ಡಿಸ್ಚಾರ್ಜ್ ದಿನ ಬಂದ ತೂಕವೇ ಮೂಲ. ಅದಕ್ಕಿಂತ ಎರಡು ಕಿಲೋ ಏರಿದರೂ ಫೋನ್, ಎರಡು ಕಿಲೋ ಇಳಿದರೂ ಫೋನ್. ಎದ್ದು ನಿಂತಾಗ ಕಣ್ಣು ಕತ್ತಲೆ, ಮೂತ್ರ ಕಡಿಮೆ, ಬಾಯಿ ಒಣಗಿದರೆ ತೂಕಕ್ಕೂ ಕಾಯಬಾರದು. ಬೇಸಿಗೆಯಲ್ಲಿ ಎಷ್ಟೋ ಜನರಿಗೆ ನಾನು ನೀರಿನ ಗುಳಿಗೆಯನ್ನೇ ಅರ್ಧ ಮಾಡುತ್ತೇನೆ. ಮನೆಯವರು ತಾವಾಗಿಯೇ ಮಾಡಬಾರದು, ಕೇಳಿ ಮಾಡಬೇಕು. ವಾಂತಿ ಭೇದಿ ಹತ್ತಿದ ದಿನವಂತೂ ನೀರಿನ ಗುಳಿಗೆ, ಬಿಪಿ ಗುಳಿಗೆ, ಡಪಾಗ್ಲಿಫ್ಲೋಜಿನ್ (ಸಕ್ಕರೆ ಕಾಯಿಲೆಗೂ ಹಾರ್ಟ್ ಫೇಲ್ಯೂರಿಗೂ ಕೊಡುವ ಗುಳಿಗೆ) ಮುಂದುವರಿಸಬೇಕೋ ಬಿಡಬೇಕೋ ಎಂದು ಅದೇ ದಿನ ಕೇಳಲೇಬೇಕು.

ಎಳನೀರಿನ ಬಗ್ಗೆಯೂ ಹೇಳುತ್ತೇನೆ. ಹೃದಯಕ್ಕೆ, ಬಿಪಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಎನಲಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಗುಳಿಗೆ ತಿನ್ನುವವರಿಗೆ ರಕ್ತದ ಪೊಟ್ಯಾಸಿಯಂ ಮೊದಲೇ ಮೇಲಿರಬಹುದು, ಎಳನೀರಲ್ಲಿ ಪೊಟ್ಯಾಸಿಯಂ ಬಹಳ. ದಿನಾ ಎರಡು ಮೂರು ಕುಡಿದರೆ ಹೃದಯದ ಬಡಿತವೇ ತಪ್ಪಬಹುದು. "ಕಡಿಮೆ ಸೋಡಿಯಂ" ಎಂದು ಮಾರುವ ಉಪ್ಪಿನಲ್ಲಿಯೂ ಇರುವುದು ಪೊಟ್ಯಾಸಿಯಮ್ಮೇ.

ರಾತ್ರಿಪಾಳಿ, ಕಲಬುರಗಿ · ಸೋಮವಾರ ಬೆಳಿಗ್ಗೆ 8:15

ಸರ್, ಪಾಳಿ ಮುಗಿಸಿ ಬಂದು ಓದಿದೆ. ಎರಡು ಗೆರಿ ಅಂದದ್ದು ಮನಸ್ಸಿಗೆ ಹತ್ತಿತು. ಮುತ್ಯಾನ ತೂಕ 56, ಕಾರ್ಡಿನ ಮ್ಯಾಲ ನಾನು ಮ್ಯಾಲಿನ ಗೆರಿ 58 ಮಾತ್ರ ಬರದಿದ್ದೆ. ಈಗ ಫೋನ್ ಮಾಡಿ ಕೆಳಗ 54 ಅಂತನೂ ಬರಸಿದೆ. ನೀರಿನ ಲೆಕ್ಕನೂ ಈ ಬಿಸಲಿಗೆ ಎಷ್ಟಿರಬೇಕು ಅಂತ ನಮ್ಮ ಡಾಕ್ಟರಿಗೆ ಇವತ್ತು ಕೇಳ್ತೀನಿ.

ಬಾಯಾರಿಕಿಗೆ ನಾವು ಹೇಳೋದು ಇವು: ದೊಡ್ಡ ಗಿಲಾಸ ತಗದಿಟ್ಟು ಚಹಾದ ಸಣ್ಣ ಗಿಲಾಸಿನಾಗ ಕುಡೀರಿ. ಗಡಿಗಿ ನೀರು ಬಾಯಿ ಮುಕ್ಕಳಿಸಿ ಉಗಳ್ರಿ. ಬಾಯಾಗ ಬಡೇಸೋಪು, ಇಲ್ಲಾ ಲಿಂಬಿ ಹೋಳು ಇಟ್ಕೊಳ್ರಿ. ಹನ್ನೊಂದರಿಂದ ನಾಕರ ತನಕ ಪತ್ರಾಸ್ ಮನ್ಯಾಗ ಮಲಗಬ್ಯಾಡ್ರಿ, ಬೇವಿನ ಗಿಡದ ಬುಡಕ್ಕ ಹೊರಸು ಹಾಕ್ರಿ, ತೊಯ್ದ ಟವೆಲ್ ಮೈಮ್ಯಾಲ ಹಾಕ್ಕೊಳ್ರಿ. ಖಾರ, ಉಪ್ಪು ಹೆಚ್ಚಾದರ ಬಾಯಾರಿಕಿ ತಾನೇ ಬರ್ತದ. ನೀರು ತಡಿಯೋಕಿಂತ ಮದಲು ಉಪ್ಪು ತಡಿಬೇಕು.

ಸೊಸಿ, ಸೇಡಂ · ಸೋಮವಾರ ಮಧ್ಯಾಹ್ನ 1:20

ಅಕ್ಕಾರ, ಉಪ್ಪಿಂದೇ ಕೇಳಬೇಕಾಗಿತ್ತು. ನಮ್ಮ ಅತ್ತಿಯವರಿಗೆ ಪಲ್ಯದಾಗ ಉಪ್ಪೇ ಹಾಕಲ್ಲ ನಾನು. ಆದ್ರೂ ಬಾವು ಇಳೀವಲ್ದು. ಉಪ್ಪಿಲ್ಲದ ಊಟ ಹೋಗಂಗಿಲ್ಲ ಅಂತ ಬಾಜೂಕ ಇಷ್ಟು ಹಿಂಡಿ (ಚಟ್ನಿಪುಡಿ), ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿ ತಗೋತಾರ. ಅಷ್ಟಕ್ಕ ಏನಾಗ್ತದ್ರಿ?

ರಾತ್ರಿಪಾಳಿ, ಕಲಬುರಗಿ · ಸೋಮವಾರ ಮಧ್ಯಾಹ್ನ 3:05

ಅಷ್ಟಕ್ಕೇ ಆಗ್ಲಾಕತ್ತದವ್ವಾ. ದಿನಕ್ಕ ಒಬ್ಬರಿಗೆ ಎಲ್ಲಾ ಸೇರಿ 5 ಗ್ರಾಂ ಉಪ್ಪು, ಅಂದ್ರ ಚಹಾ ಚಮಚದಾಗ ಮಟ್ಟಸ ಒಂದು. ಉಪ್ಪಿನಕಾಯಿ, ಹಿಂಡಿ, ಹಪ್ಪಳ, ಸಂಡಿಗಿ, ಅಂಗಡಿ ಫರಸಾಣ, ಇವು ಉಪ್ಪಿನಾಗೇ ಬದುಕೋ ಪದಾರ್ಥ. ಹಪ್ಪಳ, ಭಜಿಯಾಗ ಸೋಡಾ ಬೀಳ್ತದ, ಅದೂ ಸೋಡಿಯಮ್ಮೇ. "ಗ್ಯಾಸ್" ಅಂತ ನೀರಾಗ ಕಲಸಿ ಕುಡಿಯೋ ಬುರುಬುರು ಪುಡೀನೂ ಅದೇ.

ನಮ್ಮ ಕಡಿ ಒಂದು ಪುಣ್ಯ ಏನಂದ್ರ ಜ್ವಾಳದ ರೊಟ್ಟಿಗೆ ಉಪ್ಪು ಹಾಕಂಗಿಲ್ಲ. ದಿನದ ಊಟದಾಗ ಅರ್ಧ ಪಾಲು ಹಂಗೇ ಉಪ್ಪಿಲ್ಲದ್ದು. ನೀವು ಪಲ್ಯಕ್ಕ ಪೂರಾ ಉಪ್ಪು ಬಿಟ್ಟು ಅವರನ್ನ ಉಪ್ಪಿನಕಾಯಿ ಕಡಿ ದೂಡೋಕಿಂತ, ಮನಿಮಂದಿಗೆಲ್ಲ ಅರ್ಧ ಉಪ್ಪು ಹಾಕಿ ಒಂದೇ ಪಲ್ಯ ಮಾಡ್ರಿ. ಪುಂಡಿಪಲ್ಯ ಮಾಡಿದರ ಹುಳಿ ಇರ್ತದ, ಉಪ್ಪು ಕಡಿಮಿ ಆದದ್ದು ನಾಲಿಗಿಗೆ ಗೊತ್ತೇ ಆಗಂಗಿಲ್ಲ. ಬಳ್ಳೊಳ್ಳಿ, ಜೀರಗಿ, ಲಿಂಬಿ, ಗುರೆಳ್ಳು ಉಪ್ಪಿಲ್ಲದ ಕುಟ್ಟಿ ಕೊಡ್ರಿ. ಉಪ್ಪಿನಕಾಯಿ ಗಡಿಗಿ ಅತ್ತಿಯವರ ಕೈಗೆ ಸಿಗದಂಗ ಮ್ಯಾಲ ಇಡ್ರಿ, ಅವರು ಸಿಟ್ಟು ಮಾಡಿದರ ನನ್ನ ಹೆಸರು ಹೇಳ್ರಿ.

ಮತ್ತ ಒಂದು ಕೇಳಬೇಕು. ಮೊಳಕಾಲ ನೋವಿಗೆ ಸೂಜಿ, ಗುಳಿಗಿ ಏನರ ತಗೋತಾರೇನು?

ಸೊಸಿ, ಸೇಡಂ · ಸೋಮವಾರ ಮಧ್ಯಾಹ್ನ 3:20

ಹೂನ್ರಿ. ವಾರಕ್ಕೊಮ್ಮಿ ಊರಿನ ಡಾಕ್ಟರ್ ಹಂತ್ಯಾಕ ನೋವಿನ ಸೂಜಿ ಮಾಡಿಸ್ಕೋತಾರ. ಕೆಂಪು ಗುಳಿಗಿನೂ ಕೊಡ್ತಾರ.

ಫಿಜಿಷಿಯನ್, ಬೀದರ ಮೂಲ · ಸೋಮವಾರ ಮಧ್ಯಾಹ್ನ 3:45

ಸಿಸ್ಟರ್ ಸರಿಯಾದ ಪ್ರಶ್ನೆ ಕೇಳಿದ್ದಾರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಔಷಧ ಮೈಯಲ್ಲಿ ಉಪ್ಪು ನೀರು ಎರಡನ್ನೂ ಹಿಡಿದಿಡುತ್ತದೆ, ನೀರಿನ ಗುಳಿಗೆಯ ಕೆಲಸವನ್ನು ಕೆಡಿಸುತ್ತದೆ, ಕಿಡ್ನಿಗೂ ಪೆಟ್ಟು. ಬಾವು ಇಳಿಯದಿರಲು ಇದೂ ಕಾರಣ ಇರಬಹುದು. ಮುಂದಿನ ಭೇಟಿಯಲ್ಲಿ ನಿಮ್ಮ ಹೃದಯದ ವೈದ್ಯರಿಗೆ ಆ ಗುಳಿಗೆಯ ಖಾಲಿ ಪಟ್ಟಿಯನ್ನೇ ತೋರಿಸಿ. ನೋವಿಗೆ ಪ್ಯಾರಸಿಟಮಾಲ್, ಬಿಸಿ ಕಾವು ಸಾಕಾಗುತ್ತದೆಯೇ ಕೇಳಿ.

ಭೀಮಾ ದಂಡಿ, ಯಾದಗಿರಿ ಜಿಲ್ಲಾ · ಸೋಮವಾರ ಸಂಜೆ 6:10

ನೀರಿನ ಗುಳಿಗಿ ಬಗ್ಗೆ ಯಾರೂ ಬಾಯಿ ಬಿಡದ ಮಾತು ಒಂದದ. ನಮ್ಮ ಹೆಣ್ಣುಮಕ್ಕಳು ಆ ಗುಳಿಗಿ ಬಿಡ್ತಾರ. ಬೇಕಂತ ಬಿಡ್ತಾರ. ಬಸ್ಸಿಗೆ ಯಾದಗಿರಿ, ಕಲಬುರಗಿಗೆ ಹೋಗೋ ದಿನ, ಲಗ್ನಕ್ಕ ಹೋಗೋ ದಿನ, ಹತ್ತಿ ಬಿಡಿಸ್ಲಾಕ ಹೋಗೋ ದಿನ. ಗುಳಿಗಿ ತಿಂದ ತಾಸಿನಾಗ ಒತ್ತಿ ಬರ್ತದ, ಹೋಗ್ಲಾಕ ಮರಿ ಇಲ್ಲ. ಲಗ್ನದ ಸುಗ್ಗ್ಯಾಗ ವಾರಕ್ಕ ಮೂರು ದಿನ ಗುಳಿಗಿ ಇಲ್ಲ, ಮ್ಯಾಲ ಲಗ್ನದ ಊಟ. ನಾಕನೇ ದಿನ ದಮ್ಮು.

ನಾನು ಈಗ "ಗುಳಿಗಿ ತಗೊಂಡೀರಾ" ಅಂತ ಕೇಳಂಗಿಲ್ಲ, ಎಲ್ಲಾರೂ ಹೂಂ ಅಂತಾರ. "ಈ ವಾರ ಎಲ್ಲೆಲ್ಲಿ ಹೋಗಿದ್ದಿ ಆಯೀ?" ಅಂತ ಕೇಳ್ತೀನಿ. ಆಮ್ಯಾಲ ಡಾಕ್ಟರಿಗೆ ಕೇಳಿ ವ್ಯಾಳ್ಯಾ ಹೊಂದಿಸಿ ಕೊಡ್ತೀನಿ. ಊರಿಗೆ ಹೋಗೋ ದಿನ ವಾಪಸ್ ಬಂದ ಮ್ಯಾಲ ಮಧ್ಯಾಹ್ನ ಎರಡು ಮೂರಕ್ಕ ತಗೋ, ಬಿಡಬ್ಯಾಡ. ರಾತ್ರಿ ಮಾತ್ರ ಬ್ಯಾಡ, ಕತ್ತಲ್ಯಾಗ ಎದ್ದು ಬಿದ್ದರ ಸೊಂಟ ಮುರೀತದ.

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರನೇ ವರ್ಷ · ಸೋಮವಾರ ರಾತ್ರಿ 8:30

ಎಲ್ಲಾ ಓದ್ಲಾಕತ್ತೀನಿ ಮೇಡಂ. ನನಗ ಎರಡು ಡೌಟ್ ಅವ. ಒಂದು, ಪೋಸ್ಟಿಂಗ್‌ನಾಗ ಒಬ್ಬರು ಆಯಿಗೆ ಡಿಗಾಕ್ಸಿನ್ (ಹಾರ್ಟಿನ ಬಡಿತ ನಿಧಾನ ಮಾಡೋ ಗುಳಿಗಿ) ಕೊಡೋ ಮುಂದ ಮಣಿಕಟ್ಟಿನಾಗ ನಾಡಿ 54 ಬಂತು. ನಾನು ಕೊಡಲಿಲ್ಲ. ಸೀನಿಯರ್ ಎದಿ ಮ್ಯಾಲ ಸ್ಟೆತ್ ಇಟ್ಟು ಎಣಿಸಿದರ 82. ಯಾವುದು ಖರೇ? ಎರಡು, ಪಂಪಿಂಗ್ 55 ಅಂತ ಕೇಳಿ ಒಬ್ಬರು ಅಳಲಾಕ ಶುರು ಮಾಡಿದ್ರು, ಏನು ಹೇಳಬೇಕು ಗೊತ್ತಾಗಲಿಲ್ಲ.

ರಾತ್ರಿಪಾಳಿ, ಕಲಬುರಗಿ · ಸೋಮವಾರ ರಾತ್ರಿ 9:15

ತಮ್ಮಾ, ಕೊಡದ ನಿಂತು ಸೀನಿಯರಿಗೆ ಕೇಳಿದ್ದು ಅಗದಿ ಸರಿ ಮಾಡೀದಿ. ಎರಡೂ ಎಣಿಕಿ ಖರೇನೇ. ಆ ಆಯಿಗೆ ಬಡಿತ ಅಡ್ಡಾದಿಡ್ಡಿ ಇದ್ದಿರಬೇಕು, ಏಟ್ರಿಯಲ್ ಫಿಬ್ರಿಲೇಶನ್. ಹೃದಯ ಬಡಿದರೂ ಕೆಲವು ಬಡಿತದಾಗ ರಕ್ತ ಸಾಕಷ್ಟು ತುಂಬಿರಂಗಿಲ್ಲ, ಅವು ಮಣಿಕಟ್ಟಿನ ತನಕ ಮುಟ್ಟಂಗಿಲ್ಲ. ಅದಕ್ಕೇ ಡಿಗಾಕ್ಸಿನ್ ಮದಲು ಎಡ ಎದಿಯ ತುದಿ ಬಡಿತ, ಐದನೇ ಪಕ್ಕೆಲುಬಿನ ಸಂದಿ, ಪೂರಾ ಒಂದು ನಿಮಿಷ ಗಡಿಯಾರ ನೋಡಿ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಕರಿಂದ ಗುಣಿಸೋದು ಈ ಪೇಷಂಟಿಗೆ ನಡಿಯಂಗಿಲ್ಲ. 60ಕ್ಕಿಂತ ಕಡಿಮಿ ಬಂದರ ಗುಳಿಗಿ ನಿಲ್ಲಿಸಿ ಡಾಕ್ಟರಿಗೆ ಹೇಳು. ಊಟ ಸೇರವಲ್ದು, ವಾಕರಿಕಿ, ಕಣ್ಣಿಗೆ ಹಳದಿ ಕಾಣ್ತದ ಅಂದರೂ ನಿಲ್ಲಿಸಿ ಹೇಳು, ಅದು ಡಿಗಾಕ್ಸಿನ್ ಹೆಚ್ಚಾದ ಲಕ್ಷಣ.

ಪಂಪಿಂಗ್ ಅಂದ್ರ ನಮ್ಮ ಮಂದಿ ಪರೀಕ್ಷಾ ಮಾರ್ಕ್ಸ್ ಅಂತ ತಿಳೀತಾರ, 100ಕ್ಕ 55 ಅಂದ್ರ ಅರ್ಧ ಹಾರ್ಟ್ ಹೋಯ್ತು ಅಂತ ಗಾಬರಿ. ಗಟ್ಟಿಮುಟ್ಟಾದವರಿಗೂ 55ರಿಂದ 70 ಅಷ್ಟೇ ಇರ್ತದ. ನಾನು ಹೇಳೋದು ಹಿಂಗ: "ತುಂಬಿದ ಕೊಡ ಬಗ್ಗಿಸಿದಾಗ ಒಂದು ಸಲಕ್ಕ ಎಷ್ಟು ಪಾಲು ಹೊರಗ ಹೋಗ್ತದ ಅನ್ನೋ ಲೆಕ್ಕ ಇದು. ಹಾರ್ಟ್ ಯಾವತ್ತೂ ಪೂರಾ ಖಾಲಿ ಆಗಂಗಿಲ್ಲ." ಹಂಗಂದ್ರ ಅಳು ನಿಲ್ತದ.

ತಾಲ್ಲೂಕು ದವಾಖಾನಿ, ಬೀದರ ಜಿಲ್ಲಾ · ಸೋಮವಾರ ರಾತ್ರಿ 10:40

ಹಾರ್ಟ್ ಫೇಲ್ಯೂರಿಂದ ಸ್ವಲ್ಪ ಬಾಜೂಕ ಸರೀತೀನಿ, ಆದರೆ ತೂಕದ್ದೇ ಮಾತು.

ನಮ್ಮಲ್ಲಿ ಎದಿ ನೋವಿನವರು ಬರೋದೇ ತಡ. ಎಲ್ಲಾರೂ ಮದಲು "ಗ್ಯಾಸ್" ಅಂತ ಸೋಡಾ ಕುಡೀತಾರ, ಆಮ್ಯಾಲ ಊರಾಗೇ ಒಂದು ಸೂಜಿ. ಸಕ್ಕರಿ ಕಾಯಿಲೆಯವರಿಗೆ, ಹೆಣ್ಣುಮಕ್ಕಳಿಗೆ ಕೆಲವೊಮ್ಮೆ ಎದಿ ನೋವೇ ಇರಲಾರದ, ಬರೇ ಬೆವರು, ಸುಸ್ತು, ಹೊಟ್ಟಿ ಮ್ಯಾಲಿನ ಉರಿ, ದಮ್ಮು ಇರ್ತದ. ಬಂದ ಹತ್ತು ನಿಮಿಷದಾಗ ಇಸಿಜಿ ಆಗಬೇಕು ಅನ್ನೋದು ನಿಯಮ, ಅದು ನರ್ಸ್ ಕೈಯಾಗೇ ಇರೋದು. ಡಾಕ್ಟರ್ ಬರೋ ತನಕ ಕಾಯಬಾರದು, ನೋವು ಅಂದ ಕೂಡಲೇ ಲೀಡ್ ಹಚ್ಚಬೇಕು.

2023ರಲ್ಲಿ ಸರ್ಕಾರ ಶುರು ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಾಗ ಇಲ್ಲಿಂದ ಇಸಿಜಿ ಕಳಿಸ್ತೀವಿ, ದೊಡ್ಡ ದವಾಖಾನಿಯ ಹೃದಯ ತಜ್ಞರು ನೋಡಿ ಹಾರ್ಟ್ ಅಟ್ಯಾಕ್ ಅಂದ್ರ ರಕ್ತದ ಗಡ್ಡಿ ಕರಗಿಸೋ ಟೆನೆಕ್ಟೆಪ್ಲೇಸ್ ಸೂಜಿ ಇಲ್ಲೇ ಪುಕ್ಕಟೆ ಕೊಡ್ತೀವಿ. ಈ ಔಷಧದ ಡೋಸ್ ತೂಕದ ಮ್ಯಾಲ. 60 ಕಿಲೋ ಒಳಗಿದ್ದರ 30 ಮಿಲಿಗ್ರಾಂ, ಪ್ರತಿ ಹತ್ತು ಕಿಲೋಗೆ 5 ಏರ್ತದ, 90 ಆದರ 50. ಅದಕ್ಕಿಂತ ಮ್ಯಾಲಿಲ್ಲ. ಸ್ಟ್ರೆಚರ್ ಮ್ಯಾಲ ಬೆವರಿನಾಗ ತೊಯ್ದು ಮಲಗಿದವರಿಗೆ "ನಿಮ್ಮ ತೂಕ ಎಷ್ಟು" ಅಂದ್ರ ಯಾರಿಗೂ ಗೊತ್ತಿರಂಗಿಲ್ಲ. ಗಿರಣಿ ಕಾಂಟಾದ ಮಾತು ಓದಿ ಅದಕ್ಕೇ ಭಾಳ ಖುಷಿ ಆಯ್ತು. ತೂಕ ಗೊತ್ತಿರೋ ಮನಿಯವರು ನಮಗ ದೊಡ್ಡ ಉಪಕಾರ ಮಾಡ್ತಾರ.

ಹೊಸದಾಗಿ ಬಂದ ಸಿಸ್ಟರ್‌ಗಳಿಗೆ ಎರಡು ಮಾತು. ಡೆಕ್ಸ್‌ಟ್ರೋಸ್ (ಸಕ್ಕರಿ ನೀರಿನ ಡ್ರಿಪ್) ಹೋಗ್ಲಾಕತ್ತ ಲೈನಿನಾಗ ಟೆನೆಕ್ಟೆಪ್ಲೇಸ್ ಹಾಕಬ್ಯಾಡ್ರಿ, ಗಟ್ಟಿ ಆಗ್ತದ, ಮದಲು ಸಲೈನ್‌ಲೇ ಲೈನ್ ತೊಳೀರಿ. ಎರಡು ಲೈನ್ ಮದಲೇ ಹಾಕಿಟ್ಟುಕೊಳ್ರಿ, ಕೊಟ್ಟ ಮ್ಯಾಲ ಚುಚ್ಚೋದು ಆದಷ್ಟು ಬ್ಯಾಡ. ಪಿರ್ರಿಗೆ ಸೂಜಿ ಅಂತೂ ಕೂಡದು. ಊರಾಗ ಮದಲೇ ಸೂಜಿ ಮಾಡಿಸಿಕೊಂಡು ಬಂದಿದ್ದರ ಆ ಜಾಗ ನೋಡ್ರಿ, ರಕ್ತ ಒಳಗೇ ಇಳಿದು ಗಡ್ಡಿ ಆಗ್ತದ. ವಸಡು, ಮೂತ್ರದ ಬಣ್ಣ, ತೊದಲು ಮಾತು, ತಲಿ ನೋವು, ಎಲ್ಲಾದರ ಮ್ಯಾಲ ಕಣ್ಣಿರಬೇಕು. ಒಂದರಿಂದ ಒಂದೂವರೆ ತಾಸಿನಾಗ ಮತ್ತ ಇಸಿಜಿ. ಅದು ಸುಧಾರಿಸಿದರೂ "ಆರಾಮ ಆಯ್ತು, ಮನಿಗೆ ಹೋಗ್ತೀವಿ" ಅಂತ ಹಟ ಹಿಡಿಯೋರನ್ನ ಬಿಡಬ್ಯಾಡ್ರಿ. ಮದಲ ದಿನದಾಗೇ ಆಂಜಿಯೋಗ್ರಾಂಗೆ ಮುಂದ ಹೋಗಲೇಬೇಕು. ಮದಲು ನಮ್ಮ ಕಡಿಯವರು ಹೈದರಾಬಾದ್, ಆಳಂದ ಕಡಿಯವರು ಸೊಲ್ಲಾಪುರ ಅಂತ ಓಡ್ತಿದ್ದರು. ಈಗ ಕಲಬುರಗಿ ಜಯದೇವ ಹೃದಯ ದವಾಖಾನಿಯ 371 ಹಾಸಿಗಿಯ ಹೊಸ ಕಟ್ಟಡ 2024ರ ಡಿಸೆಂಬರಿನಾಗ ಶುರು ಆದ ಮ್ಯಾಲ ಹೇಳಿ ಒಪ್ಪಿಸೋದು ಸ್ವಲ್ಪ ಹಗುರ ಆಗ್ಯದ.

ವಾಲ್ವ್ ಬದಲಿ ಮಾಡಿಸಿಕೊಂಡು ರಕ್ತ ತೆಳು ಮಾಡೋ ಗುಳಿಗಿ ತಿನ್ನೋರಿಗೂ ಈ ಪಿರ್ರಿ ಸೂಜಿ ಮಾತು ಅನ್ವಯ ಆಗ್ತದ. ಪಲ್ಯ ಬಿಡಬೇಕಾಗಿಲ್ಲ, ಆದ್ರ ಒಂದು ವಾರ ದಿನಾ ಪಾಲಕ, ಇನ್ನೊಂದು ವಾರ ಏನೂ ಇಲ್ಲ ಅಂತ ಮಾಡಬಾರದು, ಐಎನ್‌ಆರ್ (ರಕ್ತ ಎಷ್ಟು ತೆಳು ಅದ ಅಂತ ನೋಡೋ ಟೆಸ್ಟ್) ಏರುಪೇರಾಗ್ತದ. ಆ ಗುಳಿಗಿ ತಿನ್ನೋ ಹೆಣ್ಣುಮಕ್ಕಳಿಗೆ ತಿಂಗಳ ತಪ್ಪಿದರ ಅದೇ ವಾರ ಡಾಕ್ಟರ್ ಕಡಿ ಹೋಗಬೇಕು ಅಂತ ಅತ್ತಿ ಮುಂದ ಅಲ್ಲ, ಒಬ್ಬರನ್ನೇ ಕರದು ಹೇಳ್ರಿ.

ಭೀಮಾ ದಂಡಿ, ಯಾದಗಿರಿ ಜಿಲ್ಲಾ · ಮಂಗಳವಾರ ಬೆಳಿಗ್ಗೆ 7:00

"ದಮ್ಮು" ಅನ್ನೋ ಶಬ್ದದ ಬಗ್ಗೆ ಒಂದು ಮಾತು. ನಮ್ಮ ಕಡಿ ಅಸ್ತಮಾಕ್ಕೂ ದಮ್ಮು, ಹಾರ್ಟಿನ ಉಸಿರಾಟಕ್ಕೂ ದಮ್ಮು. "ದಮ್ಮು ಅದ" ಅಂತ ಹೇಳಿ ಇನ್‌ಹೇಲರ್ ತಗೊಂಡು ಆರು ತಿಂಗಳು ಕಳೆದವರನ್ನ ನೋಡೀನಿ, ಕಾಲು ಒತ್ತಿ ನೋಡಿದವರೇ ಇಲ್ಲ. ಮಲಗಿದರ ಹೆಚ್ಚಾಗ್ತದೇನು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕುಂಡರ್ತೀರೇನು, ಕಾಲು ಕೆಳಗ ಬಿಟ್ಟು ಕುಂತರ ಹಗುರ ಆಗ್ತದೇನು, ಈ ಮೂರು ಕೇಳ್ರಿ. ಹೂಂ ಅಂದ್ರ ಹಾರ್ಟ್ ತೋರಿಸ್ರಿ.

ದರ್ಗಾ ಕಡಿ, ಕಲಬುರಗಿ · ಮಂಗಳವಾರ ಬೆಳಿಗ್ಗೆ 9:30

ಅಸ್ಸಲಾಮು ಅಲೈಕುಂ, ನಮಸ್ಕಾರ. ನಮ್ಮ ಅಮ್ಮೀಗೆ ಹಾರ್ಟ್ ಫೇಲ್ಯೂರ್. ಡಿಸ್ಚಾರ್ಜ್ ದಿನ ಸಿಸ್ಟರ್ ಕನ್ನಡದಾಗ ಚಂದ ಹೇಳಿದ್ರು, ನನಗ ತಿಳೀತು. ಅಮ್ಮೀಗೆ ಉರ್ದುನೇ ಬರ್ತದ. ನಾನು ಕೆಲಸಕ್ಕ ಹೋದ ಮ್ಯಾಲ ಅವರು ಏನು ಮಾಡ್ತಾರ ಅನ್ನೋದು ದೇವರಿಗೇ ಗೊತ್ತು. ರಂಜಾನಿನಾಗ ರೋಜಾ ಹಿಡಿದು ಮೂರನೇ ದಿನಕ್ಕ ತಲಿ ತಿರುಗಿ ಬಿದ್ದರು. ಮುಂಜಾನಿ ಗುಳಿಗಿ ಸಹರಿಯಾಗ ತಗೊಂಡು ದಿನಾ ಪೂರಾ ನೀರಿಲ್ಲ. ಈ ಮಾತು ಅವರ ಭಾಷಾದಾಗ, ಅವರ ಮುಂದೇ ಯಾರಾದರೂ ಹೇಳಿದ್ದರ ಚಲೋ ಇತ್ತು.

ರಾತ್ರಿಪಾಳಿ, ಕಲಬುರಗಿ · ಮಂಗಳವಾರ ಬೆಳಿಗ್ಗೆ 10:20

ಭಾಯಿಜಾನ್, ನೀವು ಹೇಳಿದ್ದು ಪೂರಾ ಸರಿ. ರೋಜಾ, ಏಕಾದಶಿ, ಶ್ರಾವಣ ಸೋಮವಾರ, ಯಾವುದೇ ಉಪವಾಸ ಇರಲಿ, ನಾವು ಡಿಸ್ಚಾರ್ಜ್ ದಿನಾನೇ ಕೇಳಬೇಕು. ಮುಂದಿನ ರಂಜಾನಿಗೆ ಒಂದು ತಿಂಗಳು ಮದಲೇ ಅಮ್ಮೀನ್ನ ಡಾಕ್ಟರಿಗೆ ತೋರಿಸ್ರಿ. ಪಂಪಿಂಗ್ ಭಾಳ ಕಡಿಮಿ ಇದ್ದವರಿಗೆ, ಈಚೆಗೆ ಅಡ್ಮಿಟ್ ಆದವರಿಗೆ ಡಾಕ್ಟರ್ ಬ್ಯಾಡ ಅಂತಾರ. ಹಿಡಿಬಹುದು ಅಂದವರಿಗೂ ನೀರಿನ ಗುಳಿಗಿ ಇಫ್ತಾರಿನ ಕಡಿ ಸರಿಸಿ ಕೊಡಬೇಕಾಗ್ತದ.

ನಮ್ಮ ವಾರ್ಡಿನಾಗ ಕನ್ನಡ, ದಖನಿ (ನಮ್ಮ ಕಡಿ ಉರ್ದು), ಲಂಬಾಣಿ, ತೆಲುಗು, ಮರಾಠಿ ಐದೂ ಬರ್ತಾವ. ಹಾಳಿ ಮಾತ್ರ ಇಂಗ್ಲೀಷಿನಾಗ. ನನಗ ಅನ್ನಿಸ್ಲಾಕತ್ತದ, ಹಾಳಿ ಬದಲಿಸೋಕಿಂತ ಧ್ವನಿ ಮುದ್ರಿಸಿ ಮನಿಯವರ ಫೋನಿಗೆ ಕಳಿಸೋದು ಹಗುರ. ಒಂದು ನಿಮಿಷದ ಒಳಗ. ಬಾಟಲಿ ಲೆಕ್ಕ, ತೂಕದ ಎರಡು ಗೆರಿ, ಉಪ್ಪಿನಕಾಯಿ, ನೋವಿನ ಸೂಜಿ ಬ್ಯಾಡ, ಮಲಗಲಾಕ ಆಗದಿದ್ದರ 108. ಅಷ್ಟೇ. ಕನ್ನಡದ್ದು ನಾನು ಮಾಡ್ತೀನಿ, ಡಾಕ್ಟರ್ ಸರ್ ಒಮ್ಮೆ ಕೇಳಿ ತಪ್ಪಿದ್ದರ ತಿದ್ದಿ ಕೊಡ್ರಿ. ದಖನಿ ನೀವು ಮಾಡಿ ಕೊಡ್ತೀರಾ?

ದರ್ಗಾ ಕಡಿ, ಕಲಬುರಗಿ · ಮಂಗಳವಾರ ಬೆಳಿಗ್ಗೆ 10:32

ಅಕ್ಕನ ಕೈಲಿ ಮಾಡಿಸ್ತೀನಿ, ಹೆಣ್ಣುಮಕ್ಕಳ ಧ್ವನಿ ಇದ್ದರ ಅಮ್ಮೀಯಂಥವರು ಕೇಳ್ತಾರ.

ಭೀಮಾ ದಂಡಿ, ಯಾದಗಿರಿ ಜಿಲ್ಲಾ · ಮಂಗಳವಾರ ಬೆಳಿಗ್ಗೆ 11:05

ಲಂಬಾಣಿದು ನಮ್ಮ ತಾಂಡಾದ ಆಶಾ ಕಾರ್ಯಕರ್ತೆ ಮಾಡ್ತಾರ, ಕೇಳಿದೆ, ಹೂಂ ಅಂದ್ರು. ಗುರುಮಠಕಲ್ ಕಡಿಗೆ ತೆಲುಗು ಬೇಕು, ಅಲ್ಲಿ ನನ್ನ ಬ್ಯಾಚಿನವರು ಒಬ್ಬರು ಅದಾರ. ಒಂದು ಸಲಹಾ ಸಿಸ್ಟರ್: ಕಡೀಕ "ತಿಳೀತಾ?" ಅಂತ ಕೇಳಬ್ಯಾಡ್ರಿ, ಎಲ್ಲಾರೂ ಹೂಂ ಅಂತಾರ. "ನಾಳೆ ಮುಂಜಾನಿ ಎದ್ದ ಕೂಡಲೇ ಮದಲು ಏನು ಮಾಡ್ತೀರಿ, ನಿಮ್ಮ ಬಾಯಿಲೆ ಹೇಳಿ ವಾಪಸ್ ಕಳಿಸ್ರಿ" ಅನ್ರಿ. ವಾಪಸ್ ಬಂದದ್ದು ನಾನು ಕುಂತು ಕೇಳ್ತೀನಿ.

ತಾಲ್ಲೂಕು ದವಾಖಾನಿ, ಬೀದರ ಜಿಲ್ಲಾ · ಮಂಗಳವಾರ ಮಧ್ಯಾಹ್ನ 12:40

ಮರಾಠಿ ನಂದು. ಔರಾದ, ಭಾಲ್ಕಿ ಕಡಿಯವರಿಗೆ ಬೇಕೇ ಬೇಕು. ಸಂಜಿ ಡ್ಯೂಟಿ ಮುಗಿದ ಮ್ಯಾಲ ಕಳಿಸ್ತೀನಿ. ಚರಗಿಗೆ ಅವರು ತಾಂಬ್ಯಾ ಅಂತಾರ, ಅದನ್ನೂ ಒಮ್ಮೆ ಅಳದು ನೋಡೇ ಹೇಳ್ತೀನಿ.